ನೋಡುವ ಗಳಿಗೆಯನ್ನು ಆರಿಸುವವರು ಯಾರು?

(ರಸ್ತೆ ಸುರಕ್ಷತೆಯ ಬಗೆಗಿನ ಸಭೆಯೊಂದರಲ್ಲಿ, ರಸ್ತೆ ಬದಿಯ ಚಿತ್ರ ಬದಲಾಯಿಸುವ ಜಾಹೀರಾತು ಪರದೆಗಳ ಕುರಿತು ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೆಲವು ತಿಂಗಳ ಹಿಂದೆ ಒಂದು ರಾತ್ರಿ ಬಾಡಿಗೆ ವ್ಯಾನಿನಲ್ಲಿ ಚಾಲಕರ ಪಕ್ಕದ ಸೀಟಿನಲ್ಲಿ ಕೂತಿದ್ದೆ. ಒಂಬತ್ತು ಗಂಟೆ ದಾಟಿತ್ತು. ಆಗಷ್ಟೇ ಮಳೆ ನಿಂತು ರಸ್ತೆ ಒದ್ದೆಯಾಗಿತ್ತು. ಒಂದು ತಿರುವು ಇನ್ನೂ ದೂರ ಇರುವಾಗಲೇ ಚಾಲಕರು ಕೈ ಎತ್ತಿ ತಲೆಯ ಮೇಲಿದ್ದ ಸನ್ ವೈಸರನ್ನು ಕೆಳಗೆಳೆದು ಎಡಕ್ಕೆ ಸ್ವಲ್ಪ ಓರೆ ಮಾಡಿಕೊಂಡರು. ರಾತ್ರಿ ಹೊತ್ತಿನಲ್ಲಿ ವೈಸರ್ ಯಾಕೆ ಎಂದು ಕೇಳಿದೆ. "ಬಿಸಿಲಿಗಲ್ಲ ಸರ್, ಬೋರ್ಡಿಗೆ" ಎಂದರು. ತಿರುವು ಬಂತು. ಎಡಗಡೆ ಎರಡು ಮಹಡಿ ಎತ್ತರದ ಎಲ್‌ಇಡಿ ಪರದೆ. ಕಡುಕೆಂಪು ಚಿತ್ರವೊಂದು ಹೋಗಿ ಅಚ್ಚಬಿಳಿಯ ಚಿತ್ರ ಬಂತು. ಆ ಕ್ಷಣಕ್ಕೆ ರಸ್ತೆಯೆಲ್ಲ ಹಾಲು ಚೆಲ್ಲಿದ ಹಾಗೆ ಬೆಳಗಿತು. ಮುಂದಿದ್ದ ವಾಹನದ ಬ್ರೇಕ್ ದೀಪ ಹೊತ್ತಿದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ. ವೈಸರಿನ ಮರೆಯಲ್ಲಿದ್ದ ಚಾಲಕರಿಗೆ ತಿಳಿಯಿತು. ನಿಧಾನಕ್ಕೆ ಬ್ರೇಕ್ ಒತ್ತಿದರು.

ಮೂವತ್ತು ವರ್ಷ ಸ್ಟೇರಿಂಗ್ ಹಿಡಿದ ಮನುಷ್ಯ, ರಸ್ತೆ ಸರಿಯಾಗಿ ಕಾಣಲಿ ಎಂದು ತನ್ನ ಗಾಜಿನ ಒಂದು ಭಾಗವನ್ನು ತಾನೇ ಮುಚ್ಚಿಕೊಳ್ಳಬೇಕಾಯಿತು. ಆ ರಾತ್ರಿಯಿಂದ ಈ ವಿಷಯ ನನ್ನ ತಲೆಯಿಂದ ಹೋಗಿಲ್ಲ. ಹಾಗಾಗಿಯೇ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ.

ಜಾಹೀರಾತು ಫಲಕಗಳು ಚಾಲಕರ ಗಮನ ಸೆಳೆಯುತ್ತವೆಯೇ ಎಂಬ ಚರ್ಚೆಯನ್ನು ನಾನು ಎತ್ತುವುದಿಲ್ಲ. ಗಮನ ಸೆಳೆಯದ ಫಲಕಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ನನ್ನ ಪ್ರಶ್ನೆ ಬೇರೆ. ರಸ್ತೆ ಪಕ್ಕದ ವಸ್ತುವೊಂದನ್ನು ಯಾವ ಗಳಿಗೆಯಲ್ಲಿ ನೋಡಬೇಕು ಎಂಬುದನ್ನು ಆರಿಸುವವರು ಯಾರು? ಬಟ್ಟೆಯ ಮೇಲೆ ಅಚ್ಚಾದ ಹಳೆಯ ಹೋರ್ಡಿಂಗ್ ಇತ್ತಲ್ಲ, ಅದು ಸುಮ್ಮನೆ ನಿಂತಿರುತ್ತಿತ್ತು. ರಸ್ತೆ ಖಾಲಿ ಇದ್ದಾಗ, ಮುಂದೆ ಅಡ್ಡಿಯಿಲ್ಲ ಎಂದು ಮನಸ್ಸಿಗೆ ಖಾತ್ರಿಯಾದಾಗ ಚಾಲಕ ಅತ್ತ ಒಮ್ಮೆ ನೋಡುತ್ತಿದ್ದ, ಇಲ್ಲವೇ ನೋಡದೆ ಮುಂದೆ ಹೋಗುತ್ತಿದ್ದ. ಚಿತ್ರ ಬದಲಾಯಿಸುವ ಪರದೆ ಹಾಗೆ ಕಾಯುವುದಿಲ್ಲ. ತನ್ನ ಗಡಿಯಾರದ ಪ್ರಕಾರ ಅದು ಬದಲಾಗುತ್ತದೆ, ಬದಲಾದಾಗ ಕಣ್ಣು ಅತ್ತ ತಿರುಗುತ್ತದೆ. ಎದುರಿಗೆ ಮಗುವೊಂದು ರಸ್ತೆ ದಾಟುತ್ತಿದೆಯೇ ಎಂಬುದು ಆ ಗಡಿಯಾರಕ್ಕೆ ಗೊತ್ತಿಲ್ಲ.

ಇದು ಯಾಕೆ ಹೀಗೆ ಎಂದು ತಿಳಿಯಲು ಒಂದು ಸಣ್ಣ ಪ್ರಯೋಗ ಮಾಡೋಣ. ಎಲ್ಲರೂ ಒಂದು ತೋಳನ್ನು ಪೂರ್ತಿ ಮುಂದಕ್ಕೆ ಚಾಚಿ ಹೆಬ್ಬೆರಳನ್ನು ಎತ್ತಿ. ಈಗ ಹೆಬ್ಬೆರಳಿನ ಉಗುರನ್ನೇ ನೋಡಿ. ನಮ್ಮ ಕಣ್ಣು ಅಕ್ಷರ ಓದುವಷ್ಟು ಸ್ಪಷ್ಟವಾಗಿ ಕಾಣುವುದು ಹೆಚ್ಚುಕಡಿಮೆ ಆ ಉಗುರಿನಷ್ಟು ಜಾಗವನ್ನು ಮಾತ್ರ. ಲೆಕ್ಕದಲ್ಲಿ ಹೇಳಿದರೆ ಸುಮಾರು 2 ಡಿಗ್ರಿ. ಅಕ್ಷಿಪಟಲದ ನಡುವೆ ಫೋವಿಯಾ ಎಂಬ ಪುಟ್ಟ ಗುಳಿಯಿದೆ, ಈ ಸ್ಪಷ್ಟ ನೋಟ ಬರುವುದು ಅಲ್ಲಿಂದ. ಉಳಿದದ್ದೆಲ್ಲ ಮಸುಕು. ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ಅಲ್ಲಿಂದಿಲ್ಲಿಗೆ ಜಿಗಿಯುತ್ತದೆ, ಮಿದುಳು ಆ ಉಗುರಿನಷ್ಟಗಲದ ತುಂಡುಗಳನ್ನು ಹೊಲಿದು ಇಡೀ ರಸ್ತೆ ಕಾಣುತ್ತಿದೆ ಎಂಬ ಭಾವನೆ ಕೊಡುತ್ತದೆ. ನಾವು ಆ ಭಾವನೆಯನ್ನು ನಂಬಿ ಗಾಡಿ ಓಡಿಸುತ್ತೇವೆ.

ಹಾಗಾದರೆ ಆ ಮಸುಕು ಭಾಗದ ಕೆಲಸವೇನು? ಅದು ಕಾವಲು ಕಾಯುತ್ತದೆ. ಅಕ್ಷರ ಓದಲು ಅದಕ್ಕೆ ಬರುವುದಿಲ್ಲ, ಆದರೆ ಏನಾದರೂ ಅಲುಗಿದರೆ, ಮಿಣುಕಿದರೆ, ಇಲ್ಲದ್ದು ಥಟ್ಟನೆ ಕಾಣಿಸಿದರೆ ತಕ್ಷಣ ಗುರುತಿಸುತ್ತದೆ. ಗುರುತಿಸಿದ ಕೂಡಲೇ ಅತ್ತ ನೋಡು ಎಂದು ಕಣ್ಣನ್ನು ಎಳೆಯುತ್ತದೆ. ಇದು ನಮ್ಮ ಅನುಮತಿ ಕೇಳಿ ಆಗುವ ಕೆಲಸವಲ್ಲ. ಪೊದೆ ಅಲ್ಲಾಡಿದ್ದನ್ನು ಕಣ್ಣಂಚಿನಲ್ಲೇ ಕಂಡವರು ಬದುಕಿ ಉಳಿದ ಕಾಲದಿಂದ ಬಂದ ಸ್ವಭಾವ ಇದು. ಪಕ್ಕದ ಗಲ್ಲಿಯಿಂದ ಸೈಕಲ್ಲು ನುಗ್ಗಿದಾಗ ನಮ್ಮನ್ನು ಉಳಿಸುವುದೂ ಇದೇ. ಚಿತ್ರ ಬದಲಾಯಿಸುವ ಪರದೆ ಬಡಿಯುವುದು ಇದೇ ಬಾಗಿಲನ್ನು. ಸೈಕಲ್ಲಿಗಾಗಿ ತೆರೆದಿಟ್ಟ ಬಾಗಿಲಲ್ಲಿ ಜಾಹೀರಾತು ಒಳಬರುತ್ತದೆ.

ಇಷ್ಟು ದೊಡ್ಡ, ಇಷ್ಟು ಪ್ರಖರವಾದ, ಎಲ್ಲ ಬಣ್ಣದ ಪರದೆ ಬಯಲಿನಲ್ಲಿ ನಿಲ್ಲುವುದು ಮೊದಲಿನಿಂದ ಇದ್ದ ಸಂಗತಿಯಲ್ಲ. ಕೆಂಪು ಮತ್ತು ಹಸಿರು ಎಲ್‌ಇಡಿಗಳು ದಶಕಗಳಿಂದ ಇದ್ದವು. ಸಾಕಷ್ಟು ಪ್ರಖರವಾದ ನೀಲಿ ಸಿಕ್ಕಿದ್ದು 1990ರ ದಶಕದ ಆರಂಭದಲ್ಲಿ. ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶುಜಿ ನಕಮುರಾ ಅವರಿಗೆ ಅದಕ್ಕಾಗಿಯೇ 2014ರ ಭೌತಶಾಸ್ತ್ರದ ನೊಬೆಲ್ ಬಂತು. ಕೆಂಪು, ಹಸಿರು, ನೀಲಿ ಮೂರೂ ಸೇರಿದಾಗ ಬಿಳಿಯೂ ಸಿಕ್ಕಿತು, ಉಳಿದ ಬಣ್ಣಗಳೂ ಸಿಕ್ಕವು. ಮನೆಯ ವಿದ್ಯುತ್ ಖರ್ಚು ಇಳಿಸಿದ ಆ ಸಂಶೋಧನೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಅದನ್ನು ಎಲ್ಲಿ ನಿಲ್ಲಿಸುತ್ತೇವೆ ಎಂಬುದಷ್ಟೇ ನನ್ನ ಚಿಂತೆ.

ಈಗ ವೇಗದ ಲೆಕ್ಕ. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಎರಡು ಸೆಕೆಂಡು ಕಣ್ಣು ಆಚೆ ಹೋದರೆ 33 ಮೀಟರ್ ರಸ್ತೆಯನ್ನು ನೋಡದೆ ಓಡಿಸಿದ ಹಾಗೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅದು 55 ಮೀಟರ್ ದಾಟುತ್ತದೆ. ಎರಡು ಸೆಕೆಂಡು ಎಂಬ ಅಳತೆಯನ್ನು ನಾನು ಸುಮ್ಮನೆ ಹಿಡಿದಿಲ್ಲ. ಅಮೆರಿಕದ ವರ್ಜೀನಿಯಾ ಟೆಕ್ ಸಂಶೋಧಕರು ನೂರು ಕಾರುಗಳಿಗೆ ಕ್ಯಾಮೆರಾ ಅಳವಡಿಸಿ, ಜನ ದಿನನಿತ್ಯ ಓಡಿಸುವುದನ್ನೇ ಸುಮಾರು ಒಂದು ವರ್ಷ ದಾಖಲಿಸಿದರು. 2006ರಲ್ಲಿ ಬಂದ ಅದರ ವರದಿಯ ಪ್ರಕಾರ ಸುಮಾರು ಶೇ 80ರಷ್ಟು ಅಪಘಾತಗಳಲ್ಲಿ, ಅದು ಆಗುವ ಮುಂಚಿನ 3 ಸೆಕೆಂಡಿನೊಳಗೆ ಚಾಲಕನ ಗಮನ ಒಂದಲ್ಲ ಒಂದು ರೀತಿಯಲ್ಲಿ ತಪ್ಪಿತ್ತು. ತೂಕಡಿಕೆಯೂ ಇದರಲ್ಲಿ ಸೇರಿದೆ. ಕಣ್ಣು ರಸ್ತೆಯಿಂದ 2 ಸೆಕೆಂಡಿಗಿಂತ ಹೆಚ್ಚು ಹೊತ್ತು ಆಚೆ ಹೋದರೆ ಅಪಾಯ ಕಡೇಪಕ್ಷ ಎರಡು ಪಟ್ಟಾಗುತ್ತದೆ ಎಂಬುದೂ ಆ ದಾಖಲೆಗಳಿಂದಲೇ ಹೊರಟ ಮಾತು.

ಕಣ್ಣು ರಸ್ತೆಗೆ ಮರಳಿದರೆ ಮುಗಿಯಿತೇ? ಇಲ್ಲ. ಒಂದು ವಾಕ್ಯ ಅರ್ಧ ಓದುವಷ್ಟರಲ್ಲಿ ಪರದೆ ಬದಲಾದರೆ ಮನಸ್ಸು ಉಳಿದರ್ಧವನ್ನು ಹುಡುಕುತ್ತಲೇ ಇರುತ್ತದೆ. ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು ಮನಶ್ಶಾಸ್ತ್ರಜ್ಞೆ ಬ್ಲೂಮಾ ಝೈಗಾರ್ನಿಕ್ 1927ರಲ್ಲೇ ಬರೆದಿದ್ದರು. ಇದರ ಜೊತೆಗೆ ಕಾಯುವ ಗುಣವೂ ಸೇರಿಕೊಳ್ಳುತ್ತದೆ. ಪರದೆ ಬದಲಾಗುತ್ತದೆ ಎಂದು ಒಮ್ಮೆ ಗೊತ್ತಾದ ಮೇಲೆ ಮುಂದೆ ಏನು ಬರುತ್ತದೋ ಎಂದು ಕಣ್ಣು ಮತ್ತೆ ಮತ್ತೆ ಅತ್ತ ಹೋಗುತ್ತದೆ. ಕಣ್ಣು ಮುಂದಿನ ವಾಹನದ ಮೇಲೇ ನೆಟ್ಟಿದ್ದರೂ ಮನಸ್ಸು ಅಲ್ಲಿಲ್ಲದ ಸ್ಥಿತಿ ನಮಗೆಲ್ಲ ಗೊತ್ತಿರುವಂಥದ್ದು. "ನೋಡಿದೆ, ಆದರೆ ಕಾಣಲಿಲ್ಲ" ಎಂದು ಅಪಘಾತದ ನಂತರ ಚಾಲಕರು ಹೇಳುತ್ತಾರಲ್ಲ, ಅವರು ಸುಳ್ಳು ಹೇಳುತ್ತಿರುವುದಿಲ್ಲ.

ಇಲ್ಲಿ ನಾನು ಪುರಾವೆಯ ಬಗ್ಗೆ ಪ್ರಾಮಾಣಿಕವಾಗಿ ಮಾತಾಡಬೇಕು. ಈ ಪರದೆಗಳಿಂದ ತೊಂದರೆಯಿಲ್ಲ ಎನ್ನುವವರು ಕೈಯಲ್ಲಿ ಹಿಡಿದು ಬರುವ ಒಂದು ದೊಡ್ಡ ಅಧ್ಯಯನವಿದೆ. ಅಮೆರಿಕದ ಫೆಡರಲ್ ಹೆದ್ದಾರಿ ಆಡಳಿತ ಪೆನ್ಸಿಲ್ವೇನಿಯಾದ ರೆಡಿಂಗ್ ಮತ್ತು ವರ್ಜೀನಿಯಾದ ರಿಚ್‌ಮಂಡ್ ನಗರಗಳಲ್ಲಿ ಚಾಲಕರ ಕಣ್ಣಿನ ಚಲನೆ ಅಳೆಯಿತು. 2013ರ ಕೊನೆಗೆ ಹೊರಬಂದ ಆ ವರದಿಯಲ್ಲಿ ಡಿಜಿಟಲ್ ಫಲಕದ ಮೇಲೆ ಕಣ್ಣು ಒಂದೇ ಸಲಕ್ಕೆ ನೆಟ್ಟು ನಿಂತ ಅತಿ ದೀರ್ಘ ಅವಧಿ ಸುಮಾರು 1.3 ಸೆಕೆಂಡು. ಎರಡು ಸೆಕೆಂಡಿನ ಗೆರೆ ದಾಟಿಲ್ಲ, ಆದ್ದರಿಂದ ಚಿಂತೆಯಿಲ್ಲ ಎಂಬುದು ಅವರ ವಾದ.

ಅದೇ ವರ್ಷ ಸ್ವೀಡನ್ನಿನ ಸಂಶೋಧಕರೂ ಒಂದು ಅಧ್ಯಯನ ಪ್ರಕಟಿಸಿದರು. ಸ್ಟಾಕ್‌ಹೋಮ್ ಹತ್ತಿರ ಪ್ರಯೋಗಕ್ಕೆಂದು ಕೆಲವು ಎಲೆಕ್ಟ್ರಾನಿಕ್ ಫಲಕಗಳಿಗೆ ತಾತ್ಕಾಲಿಕ ಅನುಮತಿ ಕೊಟ್ಟಿದ್ದರು. ಹಗಲು ರಾತ್ರಿ ಎರಡೂ ಹೊತ್ತು ಚಾಲಕರ ನೋಟವನ್ನು ಅಳೆದಾಗ, ಅದೇ ರಸ್ತೆಯ ಬೇರೆ ಫಲಕಗಳಿಗಿಂತ ಇವುಗಳ ಮೇಲೆ ಕಣ್ಣು ಹೆಚ್ಚು ಸಲ ಬಿದ್ದಿತ್ತು, ಹೆಚ್ಚು ಹೊತ್ತು ನಿಂತಿತ್ತು. ಸ್ಟೇರಿಂಗ್, ವೇಗ, ಮುಂದಿನ ವಾಹನದ ಅಂತರ ಇವುಗಳಲ್ಲಿ ಎದ್ದು ಕಾಣುವ ವ್ಯತ್ಯಾಸ ಸಿಗಲಿಲ್ಲ. ಹಾಗಿದ್ದರೂ ಅಲ್ಲಿನ ಸಾರಿಗೆ ಆಡಳಿತ ಆ ಫಲಕಗಳನ್ನು ತೆಗೆಸಿತು. ಈ ನಿರ್ಧಾರದ ಹಿಂದಿನ ಬುದ್ಧಿ ನನಗೆ ಬಹಳ ಇಷ್ಟ. ಪ್ರಯೋಗ ಎಂದರೆ ಫಲಿತಾಂಶ ಸರಿಬರದಿದ್ದರೆ ಹಿಂದಕ್ಕೆ ತೆಗೆದುಕೊಳ್ಳುವುದು ಎಂದು ಅವರು ನಿಜಕ್ಕೂ ನಂಬಿದ್ದರು.

ಎರಡು ಅಧ್ಯಯನಗಳಲ್ಲಿ ಯಾವುದು ಸರಿ? ಎರಡೂ ತಾವು ಅಳೆದದ್ದನ್ನು ಸರಿಯಾಗಿಯೇ ಅಳೆದಿರಬಹುದು. ತೊಡಕಿರುವುದು ಸರಾಸರಿಯನ್ನು ಅರ್ಥ ಮಾಡಿಕೊಳ್ಳುವುದರಲ್ಲಿ. ಅಪಘಾತ ಸರಾಸರಿ ಗಳಿಗೆಯಲ್ಲಿ ನಡೆಯುವುದಿಲ್ಲ. ಒಂಬತ್ತು ನೂರ ತೊಂಬತ್ತೊಂಬತ್ತು ಚಾಲಕರು ಪರದೆಯತ್ತ ಅರ್ಧ ಸೆಕೆಂಡು ನೋಡಿ ಏನೂ ಆಗದೆ ಮುಂದೆ ಹೋಗುತ್ತಾರೆ. ಸಾವಿರದಲ್ಲಿ ಉಳಿದ ಒಬ್ಬನ ಅರ್ಧ ಸೆಕೆಂಡು, ಮುಂದಿನ ವಾಹನ ಹಠಾತ್ತನೆ ನಿಂತ ಅದೇ ಅರ್ಧ ಸೆಕೆಂಡಾಗಿರುತ್ತದೆ. ಬ್ರೇಕ್ ದೀಪ ಹೊತ್ತಿದ್ದನ್ನು ಕಂಡು ಕಾಲು ಪೆಡಲಿಗೆ ಹೋಗಲು ಎಚ್ಚರದ ಚಾಲಕನಿಗೇ ಒಂದರಿಂದ ಒಂದೂವರೆ ಸೆಕೆಂಡು ಬೇಕು. ಅದರ ಮೇಲೆ ಅರ್ಧ ಸೆಕೆಂಡು ಸೇರಿದರೆ, ಗಂಟೆಗೆ 60ರ ವೇಗದಲ್ಲಿ ಎಂಟು ಮೀಟರ್ ಹೆಚ್ಚು ಓಡಿದ ಹಾಗೆ, ಅಂದರೆ ಎರಡು ಕಾರಿನ ಉದ್ದ. ಪರೀಕ್ಷೆಗೆ ಒಪ್ಪಿಕೊಂಡು, ತಮ್ಮ ಕಣ್ಣನ್ನು ಯಾರೋ ಅಳೆಯುತ್ತಿದ್ದಾರೆ ಎಂದು ಗೊತ್ತಿದ್ದು ಓಡಿಸುವ ಕೆಲವೇ ಡಜನ್ ಜನರಲ್ಲಿ ಸಾವಿರದಲ್ಲಿ ಆ ಒಬ್ಬನನ್ನು ಹಿಡಿಯುವುದು ಕಷ್ಟ.

ಇನ್ನು ಪರದೆ ನಿಲ್ಲುವ ಜಾಗ. ನನಗೆ ಅತಿ ಹೆಚ್ಚು ಆತಂಕ ಇರುವುದು ಈ ವಿಷಯದಲ್ಲೇ. ಜಾಹೀರಾತಿನವರಿಗೆ ಬೆಲೆಬಾಳುವ ಜಾಗ ಯಾವುದು? ವಾಹನಗಳು ನಿಧಾನವಾಗುವ ಕಡೆ, ಎಲ್ಲರ ಮುಖವೂ ಒಂದೇ ದಿಕ್ಕಿಗೆ ತಿರುಗುವ ಕಡೆ. ಅಂದರೆ ಸಿಗ್ನಲ್ಲು, ಕೂಡುರಸ್ತೆ, ಮೇಲ್ಸೇತುವೆ ಇಳಿಯುವ ಕೊನೆ, ದೊಡ್ಡ ತಿರುವು. ಚಾಲಕ ಮೈಯೆಲ್ಲ ಕಣ್ಣಾಗಿ ಇರಬೇಕಾದ ಜಾಗಗಳೂ ಇವೇ. ಲೇನ್ ಬದಲಾಯಿಸುವವರು, ಪಕ್ಕದಿಂದ ಸೇರಿಕೊಳ್ಳುವವರು, ದಾಟಲು ಅಂಚಿನಲ್ಲಿ ನಿಂತ ಪಾದಚಾರಿಗಳು, ಎಲ್ಲರೂ ಅಲ್ಲೇ ಇರುತ್ತಾರೆ. ತಿರುವಿನ ಹೊರಅಂಚಿನಲ್ಲಿ ನಿಲ್ಲಿಸಿದ ಪರದೆಯಂತೂ ಚಾಲಕನ ನೇರ ನೋಟಕ್ಕೇ ಬಂದು ಕೂರುತ್ತದೆ, ಅದನ್ನು ನೋಡದಿರಲು ರಸ್ತೆಯಿಂದಲೇ ಕಣ್ಣು ತೆಗೆಯಬೇಕಾಗುತ್ತದೆ. ಸಿಗ್ನಲ್ ಕಂಬದ ಹಿಂದೆ ಪರದೆಯಿದ್ದರೆ ಇನ್ನೊಂದು ತೊಂದರೆ. ಹಿನ್ನೆಲೆಯಲ್ಲಿ ಕೆಂಪು, ಹಸಿರು ಹರಿದಾಡುವಾಗ ಸಿಗ್ನಲ್ಲಿನ ಕೆಂಪು ಅದರಲ್ಲಿ ಕರಗಿಹೋಗುತ್ತದೆ. ರಸ್ತೆ ಸಂಚಾರದ ಬಗ್ಗೆ ಅನೇಕ ದೇಶಗಳು ಮಾಡಿಕೊಂಡ 1968ರ ವಿಯೆನ್ನಾ ಒಪ್ಪಂದ ಈ ಕಾರಣಕ್ಕೇ ರಸ್ತೆ ಸಂಜ್ಞೆಗಳೊಂದಿಗೆ ಗೊಂದಲ ತರುವ, ಅವು ಕಾಣದಂತೆ ಮಾಡುವ, ಕಣ್ಣು ಕೋರೈಸುವ, ಅಪಾಯವಾಗುವಷ್ಟು ಗಮನ ಸೆಳೆಯುವ ಫಲಕಗಳನ್ನು ನಿಷೇಧಿಸಬೇಕು ಎಂದಿತು. ಈಗಿನಂಥ ಪರದೆಗಳು ಹುಟ್ಟುವ ಎಷ್ಟೋ ಮೊದಲು ಬರೆದ ಮಾತು ಅದು. ಇವತ್ತಿಗೂ ಒಂದು ಅಕ್ಷರ ಬದಲಿಸಬೇಕಾಗಿಲ್ಲ.

ಎಷ್ಟು ಸೆಕೆಂಡಿಗೊಮ್ಮೆ ಚಿತ್ರ ಬದಲಾಗಬೇಕು ಎಂಬುದರ ಸುತ್ತ ದೊಡ್ಡ ಹಗ್ಗಜಗ್ಗಾಟವಿದೆ. ಅಮೆರಿಕದ ಹೆದ್ದಾರಿ ಆಡಳಿತ 2007ರಲ್ಲಿ ಕೊಟ್ಟ ಮಾರ್ಗಸೂಚಿ 4ರಿಂದ 10 ಸೆಕೆಂಡು ಎಂದು ಹೇಳಿ, 8 ಸೆಕೆಂಡನ್ನು ಶಿಫಾರಸು ಮಾಡಿತು. ಅನೇಕ ಕಡೆ ಅದೇ ಅಂಕಿ ಹರಡಿತು. ಎಂಟು ಸೆಕೆಂಡು ಸಾಕೇ? ನೀವೇ ಲೆಕ್ಕ ಹಾಕಿ. ನೇರ ರಸ್ತೆಯಲ್ಲಿ ಪರದೆ 400 ಮೀಟರ್ ದೂರದಿಂದ ಕಾಣುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 80ರಲ್ಲಿ ಬರುವವನಿಗೆ ಅದು 18 ಸೆಕೆಂಡು ಕಣ್ಣೆದುರು ಇರುತ್ತದೆ. ಎಂಟು ಸೆಕೆಂಡಿಗೊಮ್ಮೆ ಬದಲಾದರೆ ಕಡೇಪಕ್ಷ ಎರಡು ಸಲ ಕಣ್ಣನ್ನು ಎಳೆಯುತ್ತದೆ. ಗಂಟೆಗೆ 40ರಲ್ಲಿ ಬರುವವನಿಗೆ 36 ಸೆಕೆಂಡು, ನಾಲ್ಕು ಸಲ. ಒಬ್ಬ ಚಾಲಕ ಒಂದಕ್ಕಿಂತ ಹೆಚ್ಚು ಬದಲಾವಣೆ ನೋಡಬಾರದು ಎಂಬುದನ್ನು ನಿಯಮ ಮಾಡಿಕೊಂಡರೆ ಸೆಕೆಂಡಿನ ಅಂಕಿ ತಾನಾಗಿಯೇ ಸಿಗುತ್ತದೆ. ಪರದೆ ಕಾಣುವ ದೂರವನ್ನು ಆ ರಸ್ತೆಯ ವೇಗದಿಂದ ಭಾಗಿಸಿದರಾಯಿತು, ಪ್ರತಿ ಜಾಗಕ್ಕೂ ಅದರದೇ ಅಂಕಿ. ಇದು ಯಾಕೆ ಜಾರಿಗೆ ಬರುವುದಿಲ್ಲ ಎಂದರೆ, ಒಂದು ಲೂಪಿನಲ್ಲಿ, ಅಂದರೆ ಚಿತ್ರಗಳು ಸರದಿಯಂತೆ ಬರುವ ಒಂದು ಸುತ್ತಿನಲ್ಲಿ, ಆರೋ ಎಂಟೋ ಜಾಹೀರಾತುದಾರರಿಗೆ ಸ್ಲಾಟ್ ಮಾರಿರುತ್ತಾರೆ. ಒಂದೊಂದು ಚಿತ್ರ ಅರ್ಧ ನಿಮಿಷ ನಿಂತರೆ ಹಾದುಹೋಗುವ ಚಾಲಕನಿಗೆ ಉಳಿದವರ ಚಿತ್ರ ಕಾಣುವುದೇ ಇಲ್ಲ. ಸೆಕೆಂಡಿನ ಲೆಕ್ಕ ಸುರಕ್ಷತೆಯ ಹೆಸರಿನಲ್ಲಿ ಬಂದರೂ ಅದನ್ನು ಬಿಗಿಯಾಗಿ ಹಿಡಿದಿರುವುದು ವ್ಯಾಪಾರ.

ರಾತ್ರಿಯ ಮಾತಿಗೆ ಬರುತ್ತೇನೆ. ಒಳ್ಳೆಯ ಬೀದಿದೀಪಗಳಿರುವ ರಸ್ತೆಯ ಮೇಲ್ಮೈ ರಾತ್ರಿ ಹೊತ್ತು ಚದರ ಮೀಟರಿಗೆ 1ರಿಂದ 2 ಕ್ಯಾಂಡೆಲಾದಷ್ಟು ಬೆಳಗಿರುತ್ತದೆ (ಕ್ಯಾಂಡೆಲಾ ಎಂದರೆ ಬೆಳಕಿನ ತೀವ್ರತೆ ಅಳೆಯುವ ಮಾನ). ಎಲ್‌ಇಡಿ ಪರದೆ ಹಗಲು ಬಿಸಿಲಿನಲ್ಲಿ ಕಾಣಬೇಕೆಂದರೆ ಸಾವಿರಾರು ಕ್ಯಾಂಡೆಲಾ ಬೇಕು. ಕತ್ತಲಾದ ಮೇಲೆ ಅದನ್ನು ಕೆಲವು ನೂರಕ್ಕೆ ಇಳಿಸಬೇಕು. 300ಕ್ಕೆ ಇಳಿಸಿದರೂ ಅದು ರಸ್ತೆಗಿಂತ ಕಡೇಪಕ್ಷ ನೂರೈವತ್ತು ಪಟ್ಟು ಪ್ರಖರ ಎಂಬುದನ್ನು ಗಮನಿಸಿ. ಇಳಿಸುವ ಕೆಲಸ ಮಾಡುವುದು ಸುತ್ತಲಿನ ಬೆಳಕನ್ನು ಅಳೆಯುವ ಪುಟ್ಟ ಸೆನ್ಸರ್. ಅದು ಕೆಟ್ಟರೆ ಹಗಲಿನ ಬೆಳಕೇ ರಾತ್ರಿಯೂ ಉರಿಯುವ ಅಪಾಯವಿದೆ. ಹಾಗಾಗಿ ದೋಷ ಬಂದ ಕೂಡಲೇ ಪರದೆ ಕಪ್ಪಾಗಬೇಕು ಎಂಬ ಷರತ್ತು ಪರವಾನಗಿಯಲ್ಲೇ ಇರಬೇಕು. ಮಿತಿಯನ್ನು ಅಳೆಯುವುದು ಪೂರ್ತಿ ಬಿಳಿ ಚಿತ್ರದ ಮೇಲೆ ಆಗಬೇಕು. ಕಪ್ಪು ಹಿನ್ನೆಲೆಯ ಚಿತ್ರ ಹಾಕಿ ಅಳೆದರೆ ಪ್ರಯೋಜನವಿಲ್ಲ.

ಪ್ರಖರ ಬೆಳಕು ಕಣ್ಣೊಳಗೆ ಚದುರಿ ಒಂದು ತೆಳು ಮಂಜಿನ ತೆರೆ ಎಳೆದ ಹಾಗಾಗುತ್ತದೆ, ಆ ತೆರೆಯ ಹಿಂದೆ ಕಡು ಬಣ್ಣದ ಬಟ್ಟೆ ಹಾಕಿ ನಡೆಯುವವರು ಅಳಿಸಿಹೋಗುತ್ತಾರೆ. ವಯಸ್ಸಾದಂತೆ ಈ ತೆರೆ ದಪ್ಪವಾಗುತ್ತದೆ. ಅರವತ್ತು ದಾಟಿದವರ ಅಕ್ಷಿಪಟಲಕ್ಕೆ ಇಪ್ಪತ್ತರ ಹರೆಯದವರಿಗೆ ತಲುಪುವ ಬೆಳಕಿನ ಸುಮಾರು ಮೂರನೇ ಒಂದು ಭಾಗ ಮಾತ್ರ ತಲುಪುತ್ತದೆ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಪರದೆ ದಾಟಿದ ಮೇಲೆ ಮುಂದಿನ ಕತ್ತಲ ರಸ್ತೆಗೆ ಚಾಲಕನಿಗೆ ಸಿಗುವುದು ಕೆಲವೇ ಸೆಕೆಂಡು.

ಮುಂದೆ ಬರುತ್ತಿರುವುದನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. 2007ರಲ್ಲೇ 'ಮಿನಿ' ಎಂಬ ಹೆಸರಿನ ಕಾರು ಕಂಪನಿ ಅಮೆರಿಕದ ಕೆಲವು ನಗರಗಳಲ್ಲಿ, ಹಾದುಹೋಗುವ ಮಾಲೀಕರನ್ನು ಅವರ ಕೀಲಿಗೊಂಚಲಿನಲ್ಲಿದ್ದ ಎಲೆಕ್ಟ್ರಾನಿಕ್ ಚಿಪ್‌ನಿಂದ ಗುರುತಿಸಿ, ಅವರಿಗೇ ಸಂದೇಶ ತೋರಿಸುವ ಫಲಕಗಳನ್ನು ಪ್ರಯೋಗಿಸಿತ್ತು. ಗದ್ದಲದಲ್ಲೂ ನಮ್ಮ ಹೆಸರು ಕಿವಿಗೆ ಬಿದ್ದರೆ ನಾವು ತಿರುಗಿ ನೋಡುತ್ತೇವೆ. ಓಡುವ ವಾಹನದ ಚಾಲಕನನ್ನು ಹೆಸರು ಹಿಡಿದು ಕೂಗುವುದಕ್ಕೆ ಎಂದೂ ಅನುಮತಿ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೇಡ ಎಂದು ತೀರ್ಮಾನಿಸಿದ ಊರುಗಳೂ ಇವೆ. ಬ್ರೆಜಿಲ್‌ನ ಸಾವೊ ಪಾಲೊ 2007ರಿಂದ ಹೊರಾಂಗಣ ಜಾಹೀರಾತು ಫಲಕಗಳನ್ನೇ ತೆಗೆಸಿತು. ಅಮೆರಿಕದ ವರ್ಮಾಂಟ್ 1968ರಲ್ಲೇ ಹೋರ್ಡಿಂಗ್ ಬೇಡವೆಂದು ಕಾನೂನು ಮಾಡಿತು. ಅವು ಮುಖ್ಯವಾಗಿ ಊರಿನ ಅಂದ, ಭೂದೃಶ್ಯ ಉಳಿಸುವ ಕಾರಣಕ್ಕೆ ಬಂದ ಕಾನೂನುಗಳು. ಎಲ್ಲ ಕಡೆ ಅಷ್ಟು ದೂರ ಹೋಗಬೇಕೆಂದು ನಾನು ಹೇಳುವುದಿಲ್ಲ. ಚಲನಚಿತ್ರದಂತೆ ಓಡುವ ದೃಶ್ಯ ರಸ್ತೆ ಕಡೆ ಮುಖ ಮಾಡಬಾರದು, ಕೂಡುರಸ್ತೆ ಮತ್ತು ಪಾದಚಾರಿ ದಾಟುವ ಜಾಗಗಳ ಹತ್ತಿರ ಬದಲಾಗುವ ಪರದೆ ಇರಬಾರದು, ಒಂದು ಸಂದೇಶವನ್ನು ತುಂಡು ಮಾಡಿ ಎರಡು ಮೂರು ಚಿತ್ರಗಳಲ್ಲಿ ತೋರಿಸಬಾರದು, ತೊಂದರೆ ಕಂಡರೆ ತೆಗೆಸುವ ಅಧಿಕಾರ ಪರವಾನಗಿ ಕೊಟ್ಟವರ ಕೈಯಲ್ಲೇ ಉಳಿಯಬೇಕು. ಇಷ್ಟಾದರೆ ಬಹಳ ಆಯಿತು.

ಸಭೆಯಲ್ಲಿ ಒಬ್ಬರು ಕೇಳಿದರು: "ಮೊಬೈಲಿಗೆ ಹೋಲಿಸಿದರೆ ಇದು ಸಣ್ಣ ವಿಷಯವಲ್ಲವೇ?" ಮೊಬೈಲು ದೊಡ್ಡ ಅಪಾಯ, ನಿಜ. ಆದರೆ ಮೊಬೈಲನ್ನು ಚಾಲಕ ಜೇಬಿನಲ್ಲಿ ಇಡಬಹುದು, ಆರಿಸಬಹುದು, ಇಡದಿದ್ದರೆ ದಂಡ ಹಾಕಬಹುದು. ಪರದೆಯನ್ನು ಆರಿಸುವ ಗುಂಡಿ ಅವನ ಬಳಿ ಇಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆಯಲ್ಲಿ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿ ಹೇಳುತ್ತದೆ. 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣವೇ ಇದು. ಅಷ್ಟು ಜೀವ ಹೋಗುವ ಜಾಗದಲ್ಲಿ, ತಪ್ಪಿಸಬಹುದಾದ ಯಾವ ಕಾರಣವೂ ನನಗೆ ಸಣ್ಣದಾಗಿ ಕಾಣುವುದಿಲ್ಲ.

ಇನ್ನೊಬ್ಬರು, "ನಾವು ನಾಳೆಯಿಂದ ಏನು ಮಾಡಬಹುದು?" ಎಂದರು. ಚಾಲಕರಾಗಿದ್ದರೆ, ದಿನವೂ ಹಾಯುವ ದಾರಿಯಲ್ಲಿ ಪರದೆ ಎಲ್ಲಿದೆ ಎಂದು ಮೊದಲೇ ನೆನಪಿಟ್ಟುಕೊಳ್ಳಿ, ಅದಕ್ಕೆ ಮುಂಚೆಯೇ ಮುಂದಿನ ವಾಹನದೊಂದಿಗಿನ ಅಂತರ ಹೆಚ್ಚಿಸಿ. ಪಕ್ಕದ ಸೀಟಿನಲ್ಲಿದ್ದರೆ ಚಾಲಕನಿಗೆ "ಅಲ್ನೋಡಿ" ಎನ್ನಬೇಡಿ. ದೂರು ಕೊಡುವುದಾದರೆ ಚೆನ್ನಾಗಿಲ್ಲ ಎಂದಷ್ಟೇ ಬರೆದರೆ ಕಡತ ಅಲ್ಲೇ ಮುಚ್ಚುತ್ತದೆ. ದಿನ, ಗಂಟೆ, ಎಷ್ಟು ಸೆಕೆಂಡಿಗೊಮ್ಮೆ ಬದಲಾಗುತ್ತದೆ, ಯಾವ ಸಿಗ್ನಲ್ ಅಥವಾ ಯಾವ ರಸ್ತೆ ಫಲಕ ಮರೆಯಾಗುತ್ತದೆ, ಇಷ್ಟನ್ನು ಬರೆದು, ಚಾಲಕನಲ್ಲದವರು ತೆಗೆದ ವಿಡಿಯೊ ಜೊತೆಗಿಡಿ.

ಹೀಗೆ ಹೇಳಲು ನನಗೊಂದು ಕಾರಣವಿದೆ. ಆ ವ್ಯಾನಿನಲ್ಲಿ ಹೋದ ಎರಡು ವಾರದ ಮೇಲೆ ಅದೇ ಚಾಲಕರ ಜೊತೆ ಅದೇ ದಾರಿಯಲ್ಲಿ ರಾತ್ರಿ ವಾಪಸು ಬಂದೆ. ಏನೋ ಕೆಟ್ಟು ಪರದೆ ಆರಿತ್ತು. ತಿರುವಿನಲ್ಲಿ ಹೆಡ್‌ಲೈಟಿಗೆ ಏನೋ ಫಳ್ಳನೆ ಹೊಳೆಯಿತು. ಪರದೆಯ ಕಂಬದ ಪಕ್ಕದಲ್ಲೇ, ಆಳೆತ್ತರದಲ್ಲಿ, ಪಾದಚಾರಿಗಳು ದಾಟುವ ಜಾಗದ ಫಲಕ. ಅದರ ಕೆಳಗೆ ಇಬ್ಬರು ದಾಟಲು ನಿಂತಿದ್ದರು. ಚಾಲಕರು ವೇಗ ಇಳಿಸಿ ಅವರಿಗೆ ದಾರಿ ಬಿಟ್ಟರು. "ಈ ಬೋರ್ಡು ಯಾವಾಗ ಹಾಕಿದರು?" ಎಂದು ಕೇಳಿದೆ. "ಮುಂಚಿನಿಂದಲೂ ಇದೆ ಸರ್" ಎಂದರು.